ಬೈಪೋಲಾರ್ ಇರುವ ಹದಿಹರೆಯದವರಲ್ಲಿ ವಂಶವಾಹಿ ಅಪಾಯ ಮತ್ತು ಮಿದುಳಿನ ಸಂಪರ್ಕ: ಅಳೆಯುವ ಬಗೆ, ಜೋಡಿಸುವ ಬಗೆ

ಉನ್ಮಾದ ಮತ್ತು ಖಿನ್ನತೆ ಅಲೆಗಳಂತೆ ಬಂದು ಹೋಗುವ ಬೈಪೋಲಾರ್ ಕಾಯಿಲೆ ಮನೆತನದಲ್ಲಿ ಹರಿದು ಬರುತ್ತದೆ. ಅವಳಿಗಳ ಅಧ್ಯಯನಗಳು ಇದರಲ್ಲಿ ಆನುವಂಶಿಕತೆಯ ಪಾಲನ್ನು ಶೇಕಡಾ 60ರಿಂದ 85ರ ನಡುವೆ ಇಡುತ್ತವೆ. ಕಾಯಿಲೆ ಹೆಚ್ಚಾಗಿ ತಲೆ ಎತ್ತುವುದು ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ. ಮಿದುಳಿನ ಮುಂಭಾಗಕ್ಕೂ ಭಾವನೆಗಳನ್ನು ನಿಭಾಯಿಸುವ ಒಳಭಾಗಗಳಿಗೂ ನಡುವಿನ ನಂಟು ಇನ್ನೂ ಬಲಿಯುತ್ತಿರುವ ವಯಸ್ಸು ಅದು. ಹುಟ್ಟಿನಿಂದಲೇ ಬಂದ ಸಾವಿರಾರು ಸಣ್ಣ ವಂಶವಾಹಿ ವ್ಯತ್ಯಾಸಗಳ ಒಟ್ಟು ಭಾರ ಈ ನಂಟಿನಲ್ಲಿ ಗುರುತು ಬಿಡುತ್ತದೆಯೇ? ಇದನ್ನು ಕೇಳಲು ಎರಡು ಅಳತೆ ಬೇಕು: ಡಿಎನ್‌ಎಯಿಂದ ಲೆಕ್ಕ ಹಾಕಿದ ಬಹುವಂಶವಾಹಿ ಅಪಾಯದ ಅಂಕ, ಅಂದರೆ ಪಿಆರ್‌ಎಸ್, ಮತ್ತು ಸುಮ್ಮನೆ ಮಲಗಿದ್ದಾಗ ತೆಗೆದ, ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನ್.

ಈ ಕೆಲಸಕ್ಕೆ ಕೈಹಾಕುವ ಸಂಶೋಧನಾ ವಿದ್ಯಾರ್ಥಿಗಳನ್ನೂ ಮನೋವೈದ್ಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಬರಹ. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು: ಇಲ್ಲಿ ಹುಡುಕುತ್ತಿರುವ ಸಂಬಂಧ ಬಹಳ ಸಣ್ಣದು. ಅದೇ ರೂಪದಲ್ಲಿ ಕಾಣಿಸಿಕೊಳ್ಳಬಲ್ಲ ತಪ್ಪು ಸಂಬಂಧಗಳು ಮಾತ್ರ ದೊಡ್ಡವು. ತಲೆಯ ಅಲುಗಾಟ, ಪೂರ್ವಜರ ಮೂಲ, ಔಷಧ — ಈ ಮೂರನ್ನು ಹೊರಗಿಡುವುದರಲ್ಲೇ ಮುಕ್ಕಾಲು ಪಾಲು ಕೆಲಸ ಕಳೆಯುತ್ತದೆ. ಉಳಿದದ್ದು ಗಣಿತ.

ಮೊದಲು ಎಷ್ಟು ಜನ ಬೇಕೆಂಬ ಲೆಕ್ಕ

ಸ್ಕ್ಯಾನರ್‌ನ ಸಮಯ ಗೊತ್ತುಮಾಡುವ ಮುನ್ನ ಕಾಗದದ ಮೇಲೆ ಈ ಲೆಕ್ಕ ಮಾಡಿ. ಎರಡು ಅಳತೆಗಳ ನಡುವಿನ ಪರಸ್ಪರ ಸಂಬಂಧ 0.3 ಇದ್ದರೆ ಅದನ್ನು ಶೇಕಡಾ 80 ಖಾತ್ರಿಯಿಂದ ಹಿಡಿಯಲು ಸುಮಾರು 85 ಜನ ಸಾಕು. 0.2 ಆದರೆ 194 ಜನ. 0.1 ಆದರೆ ಸುಮಾರು 783. ಇದು ಒಂದೇ ಒಂದು ಪರೀಕ್ಷೆಗೆ, ಆಕಸ್ಮಿಕವಾಗಿ ಸಿಗುವ ಸಾಧ್ಯತೆಯ ಅಳತೆಯಾದ ಪಿ ಮೌಲ್ಯ 0.05ರ ಗೆರೆಗೆ. ಮಿದುಳನ್ನು 400 ತುಂಡುಗಳಾಗಿ ವಿಂಗಡಿಸಿದರೆ ಜೋಡಿಗಳ ಸಂಖ್ಯೆ 79,800. ಪ್ರತಿ ಜೋಡಿಯನ್ನೂ ಪರೀಕ್ಷಿಸಿದರೆ, ಏನೂ ಇಲ್ಲದ ದತ್ತಾಂಶದಲ್ಲೂ ಸುಮಾರು ನಾಲ್ಕು ಸಾವಿರ ಜೋಡಿಗಳು 'ಸಿಕ್ಕಿವೆ' ಅನ್ನಿಸುತ್ತವೆ.

2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ ಸುಮಾರು 50,000 ಜನರ ಸ್ಕ್ಯಾನ್‌ಗಳನ್ನು ನೋಡಿ, ಮಿದುಳಿನ ಅಳತೆಗೂ ನಡವಳಿಕೆಗೂ ಇರುವ ಸಂಬಂಧದ ಮಧ್ಯಮ ಗಾತ್ರ 0.01ರ ಆಸುಪಾಸು ಎಂದು ತೋರಿಸಿತು. ನಿಮ್ಮ ಬಳಿ ನೂರೈವತ್ತು ಮಂದಿ ಎಳೆಯರಿದ್ದಾರೆ ಅಂದುಕೊಳ್ಳಿ. ಆಗ ಇಡೀ ಮಿದುಳನ್ನು ಜಾಲಾಡುವ ಆಸೆ ಬಿಡಿ. ಕಾರಣ ಸಹಿತ ಆರಿಸಿದ ಮೂರೋ ನಾಲ್ಕೋ ಸಂಪರ್ಕಗಳನ್ನು ಮುಂಚೆಯೇ ಬರೆದು, ದಿನಾಂಕ ಹಾಕಿ, ನೋಂದಾಯಿಸಿಡಿ. ದೊಡ್ಡ ಜಾಲಾಟಕ್ಕೆ ಹಲವು ಕೇಂದ್ರಗಳು ಕೈಜೋಡಿಸಬೇಕು; ಬೇರೆ ದಾರಿಯಿಲ್ಲ.

ಯಾರನ್ನು ಸೇರಿಸಿಕೊಳ್ಳಬೇಕು

ರೋಗನಿರ್ಣಯವನ್ನು ಹಳೆಯ ಚೀಟಿ ನೋಡಿ ಒಪ್ಪಿಕೊಳ್ಳಬೇಡಿ. ಮಕ್ಕಳ ಮನೋರೋಗ ಗುರುತಿಸುವ ಕೆ-ಎಸ್‌ಎಡಿಎಸ್-ಪಿಎಲ್ ಎಂಬ ಸಂದರ್ಶನವನ್ನು ಹುಡುಗ ಅಥವಾ ಹುಡುಗಿಯೊಂದಿಗೆ ಒಮ್ಮೆ, ತಂದೆ ಅಥವಾ ತಾಯಿಯೊಂದಿಗೆ ಇನ್ನೊಮ್ಮೆ, ಬೇರೆಬೇರೆಯಾಗಿ ಮಾಡಿ. ಬೈಪೋಲಾರ್ ಒಂದನೇ ಬಗೆಗೆ ಕನಿಷ್ಠ ಒಂದು ವಾರದ ಉನ್ಮಾದ ಬೇಕು, ಆಸ್ಪತ್ರೆ ಸೇರುವಷ್ಟು ಜೋರಾಗಿದ್ದರೆ ಅವಧಿಯ ಲೆಕ್ಕವಿಲ್ಲ. ಎರಡನೇ ಬಗೆಗೆ ಕನಿಷ್ಠ ನಾಲ್ಕು ದಿನದ ಲಘು ಉನ್ಮಾದ ಮತ್ತು ಎರಡು ವಾರದ ಖಿನ್ನತೆ. ವರ್ಷವಿಡೀ ಇರುವ ಸಿಡುಕುತನವನ್ನು ಉನ್ಮಾದವೆಂದು ಎಣಿಸುವುದು ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಉನ್ಮಾದ ಬಂದು ಹೋಗುವ ಅಲೆ. ಅದಕ್ಕೊಂದು ಆರಂಭ, ಒಂದು ಕೊನೆ ಇರುತ್ತದೆ. 'ಇದು ಯಾವ ವಾರ ಶುರುವಾಯಿತು, ಅದಕ್ಕೆ ಮುಂಚೆ ಹೇಗಿದ್ದಳು' ಎಂದು ತಾಯಿಯನ್ನು ಕೇಳಿ. ಉತ್ತರ ಸಿಗದಿದ್ದರೆ ಆ ಕಂತನ್ನು ಎಣಿಸಬೇಡಿ.

ಮೂರು ಗುಂಪುಗಳಿದ್ದರೆ ಒಳ್ಳೆಯದು: ಕಾಯಿಲೆ ಇರುವವರು, ತಂದೆ-ತಾಯಿಯಲ್ಲೋ ಒಡಹುಟ್ಟಿದವರಲ್ಲೋ ಕಾಯಿಲೆ ಇದ್ದು ತಾವು ಆರೋಗ್ಯವಾಗಿರುವವರು, ಮತ್ತು ಎರಡೂ ಇಲ್ಲದವರು. ನಡುವಿನ ಗುಂಪು ಬಹಳ ಬೆಲೆಯುಳ್ಳದ್ದು. ಅವರಲ್ಲಿ ಅಪಾಯದ ಭಾರ ಇದೆ, ಬೈಪೋಲಾರ್‌ಗೆ ಕೊಡುವ ಔಷಧ ಲಿಥಿಯಂ ಇಲ್ಲ. ಔಷಧದ ಪ್ರಭಾವವನ್ನು ಅಪಾಯದ ಪ್ರಭಾವದಿಂದ ಬಿಡಿಸಲು ಇದಕ್ಕಿಂತ ಸರಳ ಹಾದಿ ಇಲ್ಲ.

ಸ್ಕ್ಯಾನ್ ಆದ ದಿನವೇ ಮನಸ್ಥಿತಿಯನ್ನು ಅಳೆಯಿರಿ: ಉನ್ಮಾದಕ್ಕೆ ಯಂಗ್ ಮಾಪಕ, ಇದರಲ್ಲಿ 11 ಅಂಶ, ಒಟ್ಟು 60 ಅಂಕ; ಖಿನ್ನತೆಗೆ ಮಕ್ಕಳಿಗಾಗಿಯೇ ಇರುವ ಸಿಡಿಆರ್‌ಎಸ್-ಆರ್. ಎರಡು ವಾರ ಹಿಂದಿನ ಅಂಕ ಇಲ್ಲಿ ಕೆಲಸಕ್ಕೆ ಬಾರದು, ಈ ಕಾಯಿಲೆಯಲ್ಲಿ ಎರಡು ವಾರ ಬಹಳ ದೊಡ್ಡ ಅವಧಿ. ಔಷಧದ ಹೆಸರು, ಪ್ರಮಾಣ, ಎಷ್ಟು ತಿಂಗಳಿಂದ ಎಂಬುದನ್ನೂ ಬರೆದುಕೊಳ್ಳಿ. ಅಧ್ಯಯನಕ್ಕಾಗಿ ಔಷಧ ನಿಲ್ಲಿಸಲು ಯಾರಿಗೂ ಹೇಳಬೇಡಿ. ಲಿಥಿಯಂ ಥಟ್ಟನೆ ನಿಲ್ಲಿಸಿದರೆ ಉನ್ಮಾದ ಮರುಕಳಿಸುವ ಅಪಾಯವೂ ಆತ್ಮಹತ್ಯೆಯ ಅಪಾಯವೂ ಏರುತ್ತವೆ. ಯಾವ ಸ್ಕ್ಯಾನ್ ಚಿತ್ರಕ್ಕೂ ಅಷ್ಟು ಬೆಲೆಯಿಲ್ಲ.

ಹದಿನೆಂಟು ತುಂಬದವರಿಂದ ಅವರದೇ ಒಪ್ಪಿಗೆ, ಪೋಷಕರಿಂದ ಪ್ರತ್ಯೇಕ ಸಮ್ಮತಿ — ಎರಡೂ ಬೇಕು. ಸಂದರ್ಶನದಲ್ಲಿ ಆತ್ಮಹತ್ಯೆಯ ಯೋಚನೆ ಹೊರಬಂದರೆ ಅದೇ ದಿನ ನೋಡುವ ಮನೋವೈದ್ಯರು ಯಾರು ಎಂಬುದು ಮೊದಲ ವ್ಯಕ್ತಿಯನ್ನು ಕರೆಯುವ ಮುನ್ನವೇ ಗೊತ್ತಾಗಿರಲಿ.

ಡಿಎನ್‌ಎ ತೆಗೆಯುವುದು

ರಕ್ತ ಉತ್ತಮ. ಆದರೆ ಸೂಜಿಗೆ ಹೆದರುವ ಮಕ್ಕಳಿಗೆ ಎಂಜಲೇ ಸಾಕು. ಅರ್ಧ ಗಂಟೆ ಏನೂ ತಿನ್ನದೆ, ಕುಡಿಯದೆ ಇದ್ದು 2 ಮಿ.ಲೀ. ಎಂಜಲನ್ನು ಕೊಳವೆಗೆ ಉಗುಳಬೇಕು. ನೊರೆಯನ್ನು ಅಳತೆಗೆ ಸೇರಿಸಬೇಡಿ, ಗೆರೆಯವರೆಗೆ ದ್ರವವೇ ಇರಲಿ. ಕೆಲವು ಔಷಧಗಳಿಂದ ಬಾಯಿ ಒಣಗಿರುತ್ತದೆ. ಕೆನ್ನೆಯ ಒಳಭಾಗವನ್ನು ಹೊರಗಿನಿಂದ ಮೆಲ್ಲಗೆ ಉಜ್ಜಿಕೊಳ್ಳಲು ಹೇಳಿ, ಹತ್ತು ನಿಮಿಷ ಕೊಡಿ, ಅವಸರ ಮಾಡಬೇಡಿ.

ಎಂಜಲಿನ ಒಂದು ತೊಡಕು: ಅದರಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎಯೂ ಇರುತ್ತದೆ. ಡಿಎನ್‌ಎ ಪ್ರಮಾಣ ಅಳೆಯುವ ಕ್ಯೂಬಿಟ್‌ನಂಥ ಯಂತ್ರ ಎರಡನ್ನೂ ಕೂಡಿಸಿ ತೋರಿಸುತ್ತದೆ. ಡಿಎನ್‌ಎ ವ್ಯತ್ಯಾಸಗಳನ್ನು ಓದುವ ಚಿಪ್‌ಗೆ ಬೇಕಾದದ್ದು ಸುಮಾರು 200 ನ್ಯಾನೋಗ್ರಾಂ. ಯಂತ್ರ ತೋರಿಸಿದ 200ರಲ್ಲಿ ಮೂರನೇ ಒಂದು ಭಾಗ ಬ್ಯಾಕ್ಟೀರಿಯಾದ್ದಾದರೆ ಮನುಷ್ಯನ ಪಾಲು ಸಾಲದೆ, ಆ ಮಾದರಿಯ ಕಾಲ್ ರೇಟ್, ಅಂದರೆ ಸರಿಯಾಗಿ ಓದಲಾದ ತಾಣಗಳ ಪಾಲು, ಕುಸಿಯುತ್ತದೆ. ಎಂಜಲಿನ ಮಾದರಿಗಳಿಗೆ ಸ್ವಲ್ಪ ಹೆಚ್ಚೇ ಕಳಿಸಿ. ಇನ್ನೊಂದು ಸಂಗತಿ: ಕಾಯಿಲೆ ಇರುವವರ ಮಾದರಿಗಳನ್ನೆಲ್ಲ ಒಂದು ತಟ್ಟೆಯಲ್ಲಿ, ಆರೋಗ್ಯವಂತರದ್ದನ್ನು ಇನ್ನೊಂದರಲ್ಲಿ ಹಾಕಬೇಡಿ. ತಟ್ಟೆಯಿಂದ ತಟ್ಟೆಗೆ ಬರುವ ಸಣ್ಣ ವ್ಯತ್ಯಾಸ ಆಮೇಲೆ ಕಾಯಿಲೆಯ ವ್ಯತ್ಯಾಸದ ಹಾಗೆಯೇ ಕಾಣುತ್ತದೆ.

ದತ್ತಾಂಶವನ್ನು ಸೋಸುವುದು

ವಂಶವಾಹಿ ದತ್ತಾಂಶ ಸೋಸುವ ಪ್ಲಿಂಕ್ ತಂತ್ರಾಂಶದಲ್ಲಿ ಈ ಕ್ರಮ ಹಿಡಿಯಿರಿ. ಜನರಿಂದ ಜನರಿಗೆ ಬೇರೆಯಾಗುವ ಡಿಎನ್‌ಎ ತಾಣಕ್ಕೆ ವೇರಿಯಂಟ್ ಎಂದು, ಅದರ ಒಂದೊಂದು ರೂಪಕ್ಕೆ ಅಲೀಲ್ ಎಂದು ಹೆಸರು. ಶೇಕಡಾ 2ಕ್ಕಿಂತ ಹೆಚ್ಚು ಜನರಲ್ಲಿ ಓದಲಾಗದ ವೇರಿಯಂಟ್‌ಗಳನ್ನು ತೆಗೆಯಿರಿ. ಆಮೇಲೆ ಶೇಕಡಾ 2ಕ್ಕಿಂತ ಹೆಚ್ಚು ವೇರಿಯಂಟ್‌ಗಳು ಓದಲಾಗದ ವ್ಯಕ್ತಿಗಳನ್ನು ತೆಗೆಯಿರಿ. ಈ ಕ್ರಮ ಅದಲುಬದಲಾದರೆ ಕೆಟ್ಟ ವೇರಿಯಂಟ್‌ಗಳ ತಪ್ಪಿಗೆ ಒಳ್ಳೆಯ ವ್ಯಕ್ತಿಗಳು ಹೊರಬೀಳುತ್ತಾರೆ, ಮತ್ತು ಇಂಥ ಅಧ್ಯಯನದಲ್ಲಿ ಒಬ್ಬೊಬ್ಬರೂ ಮುಖ್ಯ. ಅಪರೂಪದ ಅಲೀಲ್‌ನ ಪ್ರಮಾಣ 0.01ಕ್ಕಿಂತ ಕಡಿಮೆ ಇರುವವು ಬೇಡ. ಅಲೀಲ್ ಜೋಡಿಗಳು ನಿರೀಕ್ಷಿತ ಪ್ರಮಾಣದಲ್ಲಿವೆಯೇ ಎಂದು ನೋಡುವ ಹಾರ್ಡಿ-ವೈನ್‌ಬರ್ಗ್ ಪರೀಕ್ಷೆಯಲ್ಲಿ ಪಿ ಮೌಲ್ಯ ಹತ್ತು ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ ಬಂದವನ್ನೂ ಬಿಡಿ. ಆ ಪರೀಕ್ಷೆಯನ್ನು ಆರೋಗ್ಯವಂತರಲ್ಲಿ ಮಾತ್ರ ಮಾಡಿ. ಹೆಟಿರೋಜೈಗಾಸಿಟಿ, ಅಂದರೆ ಎರಡು ಪ್ರತಿಗಳು ಬೇರೆಬೇರೆಯಾಗಿರುವ ತಾಣಗಳ ಪಾಲು, ಸರಾಸರಿಯಿಂದ ಮೂರು ಪ್ರಮಾಣಿತ ವಿಚಲನೆ ಆಚೆಗೆ ಇದ್ದರೆ ಎರಡು ಮಾದರಿಗಳು ಬೆರೆತಿರಬಹುದು. ದಾಖಲೆಯಲ್ಲಿ ಹುಡುಗಿ ಎಂದಿದ್ದು ಎಕ್ಸ್ ವರ್ಣತಂತು ಹುಡುಗನದ್ದೆಂದು ತೋರಿದರೆ ಮೊದಲು ಚೀಟಿ ಅದಲುಬದಲಾಗಿದೆಯೇ ನೋಡಿ. ಒಂದು ಅದಲುಬದಲು ಸಿಕ್ಕರೆ ಅದರ ಜೋಡಿ ಎಲ್ಲೋ ಇರುತ್ತದೆ. ಅದನ್ನೂ ಹುಡುಕುವ ತನಕ ನಿಲ್ಲಿಸಬೇಡಿ.

ಬಂಧುತ್ವದ ಗುಣಾಂಕ 0.0884ಕ್ಕಿಂತ ಹೆಚ್ಚಿದ್ದರೆ ಇಬ್ಬರೂ ಎರಡನೇ ಹಂತದ ಅಥವಾ ಇನ್ನೂ ಹತ್ತಿರದ ಬಂಧುಗಳು. ಅಣ್ಣ-ತಂಗಿಯರನ್ನು ಬೇಕೆಂದೇ ಸೇರಿಸಿಕೊಂಡಿದ್ದರೆ ತೆಗೆಯಬೇಕಿಲ್ಲ, ಆದರೆ ಆಮೇಲಿನ ಮಾದರಿಯಲ್ಲಿ ಕುಟುಂಬವನ್ನು ಯಾದೃಚ್ಛಿಕ ಅಂಶವಾಗಿ ಇಡಲೇಬೇಕು.

ಚಿಪ್ ಓದುವುದು ಆರೇಳು ಲಕ್ಷ ವೇರಿಯಂಟ್‌ಗಳನ್ನು. ಉಳಿದ ಲಕ್ಷಾಂತರವನ್ನು ಟಾಪ್‌ಮೆಡ್ ಅಥವಾ ಸಾವಿರ ಜೀನೋಮ್ ಯೋಜನೆಯಂಥ ಆಧಾರ ದತ್ತಾಂಶದಿಂದ ಊಹಿಸಿ ತುಂಬಬೇಕು. ಊಹೆಯ ಗುಣಮಟ್ಟ 0.8ಕ್ಕಿಂತ ಮೇಲಿರುವವನ್ನಷ್ಟೇ ಅಂಕಕ್ಕೆ ಬಳಸಿ.

ಅಂಕ ಕಟ್ಟುವುದು

ಆಧಾರಕ್ಕೆ ಮನೋರೋಗಗಳ ವಂಶವಾಹಿ ಮೂಲ ಹುಡುಕುವ ಒಕ್ಕೂಟವಾದ ಸೈಕಿಯಾಟ್ರಿಕ್ ಜೀನೋಮಿಕ್ಸ್ ಕನ್ಸಾರ್ಟಿಯಂನ ಫಲಿತಾಂಶಗಳು ಸಿಗುತ್ತವೆ. 2021ರದು 41,917 ರೋಗಿಗಳನ್ನೂ 371,549 ಆರೋಗ್ಯವಂತರನ್ನೂ ಹೋಲಿಸಿ ಜೀನೋಮಿನ 64 ತಾಣಗಳನ್ನು ಗುರುತಿಸಿತು. ಆಮೇಲೆ 2025ರಲ್ಲಿ ಬಂದದ್ದು ರೋಗಿಗಳ ಸಂಖ್ಯೆಯನ್ನು ಒಂದೂವರೆ ಲಕ್ಷ ದಾಟಿಸಿ 298 ತಾಣಗಳಿಗೆ ತಲುಪಿತು. ಬಳಸುವ ಮುನ್ನ ಒಂದು ವಿಷಯ ಖಾತ್ರಿಪಡಿಸಿಕೊಳ್ಳಿ: ನಿಮ್ಮ ಅಧ್ಯಯನದ ಜನರೇ ಆ ಒಕ್ಕೂಟದ ದತ್ತಾಂಶದಲ್ಲಿ ಇದ್ದಾರೆಯೇ? ಇದ್ದರೆ ಅಂಕ ಸುಳ್ಳು ಸುಳ್ಳೇ ಚೆನ್ನಾಗಿ ಕೆಲಸ ಮಾಡುತ್ತದೆ. ಅವರನ್ನು ಬಿಟ್ಟು ಮಾಡಿದ ಫಲಿತಾಂಶದ ಕಡತವನ್ನು ಕೇಳಿ ಪಡೆಯಿರಿ.

ಅಂಕದ ಲೆಕ್ಕ ಸರಳ. ಪ್ರತಿ ವೇರಿಯಂಟ್‌ಗೆ ಒಂದು ತೂಕ, ಅದನ್ನು ಆ ವ್ಯಕ್ತಿಯಲ್ಲಿರುವ ಅಪಾಯದ ಅಲೀಲ್‌ಗಳ ಸಂಖ್ಯೆಯಿಂದ, ಅಂದರೆ 0, 1 ಅಥವಾ 2ರಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ. ತಪ್ಪಾಗುವುದು ತೂಕದಲ್ಲಿ. ಕಡತದಲ್ಲಿ ಆಡ್ಸ್ ರೇಶಿಯೋ (ಆ ಅಲೀಲ್ ಇದ್ದರೆ ಕಾಯಿಲೆಯ ಸಾಧ್ಯತೆ ಎಷ್ಟು ಪಟ್ಟು ಎಂಬುದು) 1.05 ಎಂದಿದ್ದರೆ ತೂಕ ಅದರ ಲಾಗರಿದಮ್, ಸುಮಾರು 0.049. ಎರಡು ಪ್ರತಿ ಇದ್ದವರಿಗೆ 0.098 ಸೇರುತ್ತದೆ. 0.95 ಎಂದಿದ್ದರೆ ತೂಕ ಋಣ, ಸುಮಾರು −0.051; ಅಂಥ ಅಲೀಲ್ ಅಪಾಯವನ್ನು ತಗ್ಗಿಸುತ್ತದೆ. ಲಾಗ್ ತೆಗೆಯುವುದನ್ನು ಮರೆತು 1.05, 0.95 ಎಂದೇ ಗುಣಿಸಿದರೆ ರಕ್ಷಿಸುವ ಅಲೀಲ್‌ಗಳೂ ಅಪಾಯಕ್ಕೆ ಕೂಡುತ್ತವೆ. ತಂತ್ರಾಂಶ ದೂರು ಹೇಳುವುದಿಲ್ಲ. ಅಂಕಗಳ ಹಂಚಿಕೆ ಗಂಟೆಯಾಕಾರದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅರ್ಥ ಮಾತ್ರ ಇರುವುದಿಲ್ಲ.

ತಪ್ಪಾಗುವ ಎರಡನೇ ಜಾಗ, ಡಿಎನ್‌ಎ ಎಳೆಯ ದಿಕ್ಕು. ಡಿಎನ್‌ಎಗೆ ಎರಡು ಎಳೆ. ಒಂದರಲ್ಲಿ ಎ ಇದ್ದರೆ ಎದುರು ಟಿ, ಸಿ ಇದ್ದರೆ ಎದುರು ಜಿ. ಒಂದು ವೇರಿಯಂಟ್‌ನ ಎರಡು ರೂಪಗಳು ಎ ಮತ್ತು ಜಿ ಆಗಿದ್ದು ನಿಮ್ಮ ಕಡತದಲ್ಲಿ ಟಿ ಮತ್ತು ಸಿ ಎಂದಿದ್ದರೆ ಎಳೆ ತಿರುಗಿದೆ ಎಂದು ಗೊತ್ತಾಗುತ್ತದೆ, ತಿರುಗಿಸಿ ಹೊಂದಿಸಬಹುದು. ಆದರೆ ಎರಡು ರೂಪಗಳೇ ಎ ಮತ್ತು ಟಿ ಆಗಿದ್ದರೆ ತಿರುಗಿದರೂ ಎ-ಟಿ, ತಿರುಗದಿದ್ದರೂ ಎ-ಟಿ. ಕಣ್ಣಿಗೆ ಗೊತ್ತಾಗದು. ಎ-ಟಿ ಮತ್ತು ಸಿ-ಜಿ ವೇರಿಯಂಟ್‌ಗಳನ್ನು ತೆಗೆದುಬಿಡಿ. ಜೊತೆಗೆ ಎರಡೂ ಕಡತಗಳು ಜೀನೋಮಿನ ಒಂದೇ ಆವೃತ್ತಿಯವೇ, ಅಂದರೆ ಜಿಆರ್‌ಸಿಎಚ್ 37ರವೋ 38ರವೋ ನೋಡಿ. ಬೇರೆಬೇರೆಯಾದರೆ ಸ್ಥಾನಗಳು ಹೊಂದುವುದಿಲ್ಲ, ಬಹಳಷ್ಟು ವೇರಿಯಂಟ್‌ಗಳು ಸದ್ದಿಲ್ಲದೆ ಉದುರಿಹೋಗುತ್ತವೆ. ಎಷ್ಟು ವೇರಿಯಂಟ್‌ಗಳು ಕೊನೆಗೆ ಅಂಕದಲ್ಲಿ ಉಳಿದವು ಎಂಬ ಸಂಖ್ಯೆಯನ್ನು ಪ್ರತಿ ಬಾರಿಯೂ ಬರೆದಿಡಿ.

ವಿಧಾನಗಳಲ್ಲಿ ಹಳೆಯದು ಪಿಆರ್‌ಸೈಸ್-2ರಂಥದ್ದು: 250 ಕಿಲೋಬೇಸ್ ಕಿಟಕಿಯಲ್ಲಿ, ಆರ್ ವರ್ಗ 0.1ಕ್ಕಿಂತ ಹೆಚ್ಚು ಹೊಂದಿಕೊಂಡಿರುವ ವೇರಿಯಂಟ್‌ಗಳ ಗುಂಪಿನಿಂದ ಪ್ರಬಲವಾದ ಒಂದನ್ನು ಉಳಿಸಿ, ಬೇರೆಬೇರೆ ಪಿ ಮೌಲ್ಯದ ಗೆರೆಗಳಲ್ಲಿ ಅಂಕ ಕಟ್ಟುತ್ತದೆ. ಹತ್ತು ಗೆರೆ ಹಾಕಿ, ಮಿದುಳಿನೊಂದಿಗೆ ಚೆನ್ನಾಗಿ ಹೊಂದಿದ ಒಂದನ್ನು ಆರಿಸಿ ವರದಿ ಮಾಡುವುದು ಈ ಕ್ಷೇತ್ರದ ಹಳೆಯ ಚಾಳಿ. ಸಣ್ಣ ಮಾದರಿಯಲ್ಲಿ ಅದು ಆಕಸ್ಮಿಕವನ್ನೇ ಆರಿಸುತ್ತದೆ. ಪಿಆರ್‌ಎಸ್-ಸಿಎಸ್‌ನ ಸ್ವಯಂಚಾಲಿತ ವಿಧಾನ ಸುಮಾರು 11 ಲಕ್ಷ ವೇರಿಯಂಟ್‌ಗಳ ತೂಕವನ್ನು ಒಟ್ಟಿಗೆ ಕುಗ್ಗಿಸಿ ಒಂದೇ ಅಂಕ ಕೊಡುತ್ತದೆ. ಆರಿಸುವ ಪ್ರಲೋಭನೆಯೇ ಉಳಿಯದು. ನಮ್ಮ ಒಲವು ಅದರ ಕಡೆಗೆ.

ಇನ್ನು ಪೂರ್ವಜರ ಮೂಲ. 2021ರ ಫಲಿತಾಂಶ ಯುರೋಪಿಯನ್ ಮೂಲದವರ ಮೇಲೆ ನಿಂತದ್ದು. ಅವರಲ್ಲೇ ಆ ಅಂಕ ಕಾಯಿಲೆಯ ಒಲವಿನ ವ್ಯತ್ಯಾಸದಲ್ಲಿ ಸುಮಾರು ಶೇಕಡಾ 4.6ನ್ನು ಮಾತ್ರ ವಿವರಿಸಿತು. ಏಷ್ಯಾ, ಆಫ್ರಿಕಾ ಮೂಲದವರಲ್ಲಿ ಇನ್ನೂ ಕಡಿಮೆ. ಇದಕ್ಕಿಂತ ಕೆಟ್ಟ ತೊಡಕೆಂದರೆ, ಮೂಲ ಬದಲಾದರೆ ಅಂಕದ ಸರಾಸರಿಯೇ ಬದಲಾಗುತ್ತದೆ, ಕಾಯಿಲೆಯ ಪ್ರಮಾಣ ಬದಲಾಗದಿದ್ದರೂ. ನಿಮ್ಮ ಒಂದು ಕೇಂದ್ರದಲ್ಲಿ ಒಂದು ಮೂಲದವರು ಹೆಚ್ಚಿದ್ದು, ಅಲ್ಲಿನ ಸ್ಕ್ಯಾನರ್ ಬೇರೆ ಕಂಪನಿಯದಾದರೆ, ಅಂಕಕ್ಕೂ ಸಂಪರ್ಕಕ್ಕೂ ಇಲ್ಲದ ನಂಟು ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಪೂರ್ವಜರ ಮೂಲವನ್ನು ಹಿಡಿಯುವ ಮೊದಲ ಹತ್ತು ಪ್ರಧಾನ ಘಟಕಗಳನ್ನು ಲೆಕ್ಕ ಹಾಕಿ, ಮೊದಲೆರಡನ್ನು ಸಾವಿರ ಜೀನೋಮ್‌ಗಳ ಜನರೊಂದಿಗೆ ಒಂದೇ ಚಿತ್ರದಲ್ಲಿ ಬಿಡಿಸಿ, ಕಣ್ಣಾರೆ ನೋಡಿ. ಬಹುಮೂಲದ ಮಾದರಿಯಾದರೆ ಪ್ರತಿ ಮೂಲದೊಳಗೆ ಪ್ರತ್ಯೇಕ ವಿಶ್ಲೇಷಣೆ ಮಾಡಿ ಆಮೇಲೆ ಫಲಿತಾಂಶಗಳನ್ನು ಕೂಡಿಸಿ.

ಮಿದುಳಿನ ಕಡೆ ಹೋಗುವ ಮುನ್ನ ಅಂಕವನ್ನು ಪರೀಕ್ಷಿಸಿ: ನಿಮ್ಮ ರೋಗಿಗಳಲ್ಲಿ ಅದು ಆರೋಗ್ಯವಂತರಿಗಿಂತ ಹೆಚ್ಚಿದೆಯೇ? ಇಲ್ಲವಾದರೆ ಮೇಲಿನ ಹೆಜ್ಜೆಗಳಿಗೆ ಮರಳಿ. ಸ್ಕಿಜೋಫ್ರೇನಿಯಾದ ಅಂಕವನ್ನೂ ಕಟ್ಟಿಡಿ. ಎರಡು ಕಾಯಿಲೆಗಳ ಆನುವಂಶಿಕ ಸಂಬಂಧ ಸುಮಾರು 0.7 ಇರುವುದರಿಂದ, ಸಿಕ್ಕ ಫಲಿತಾಂಶ ಬೈಪೋಲಾರ್‌ಗೇ ಸೇರಿದ್ದೋ ಎರಡಕ್ಕೂ ಸಮಾನವೋ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಸ್ಕ್ಯಾನ್

1995ರಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು, ಬೆರಳು ಆಡಿಸದೆ ಸುಮ್ಮನಿದ್ದಾಗಲೂ ಎಡ-ಬಲ ಚಲನಾ ಪ್ರದೇಶಗಳ ಸಂಕೇತ ಒಟ್ಟಿಗೆ ಏರಿಳಿಯುತ್ತದೆ ಎಂದು ತೋರಿಸಿದರು. ವಿಶ್ರಾಂತಿ ಸ್ಥಿತಿಯ ಸಂಪರ್ಕ ಎಂದು ಕರೆಯುವುದು ಈ ಒಟ್ಟಿಗೆ ಏರಿಳಿಯುವಿಕೆಯನ್ನೇ. ನರತಂತುಗಳ ಎಣಿಕೆ ಅದರಲ್ಲಿಲ್ಲ.

ಹತ್ತು ನಿಮಿಷ ಕನಿಷ್ಠ, ಇಪ್ಪತ್ತು ಒಳ್ಳೆಯದು. ಇಪ್ಪತ್ತಾದರೆ ಐದೈದು ನಿಮಿಷದ ನಾಲ್ಕು ಕಂತು ಮಾಡಿ, ನಡುವೆ ಮಾತಾಡಿಸಿ. ಪ್ರತಿ 0.8 ಸೆಕೆಂಡಿಗೆ ಒಂದು ಚಿತ್ರವಾದರೆ ಹತ್ತು ನಿಮಿಷಕ್ಕೆ 750 ಚಿತ್ರ. 2 ಸೆಕೆಂಡಿಗೊಂದಾದರೆ 300. ವಾಕ್ಸೆಲ್, ಅಂದರೆ ಚಿತ್ರದ ಅತಿ ಚಿಕ್ಕ ಘನ ತುಂಡು, 2ರಿಂದ 3 ಮಿ.ಮೀ. ವಿರುದ್ಧ ದಿಕ್ಕಿನ ಫೇಸ್ ಎನ್‌ಕೋಡಿಂಗ್‌ನ ಒಂದು ಚಿಕ್ಕ ಸ್ಕ್ಯಾನ್ ಮರೆಯಬೇಡಿ, ಇಲ್ಲದಿದ್ದರೆ ವಿರೂಪ ಸರಿಪಡಿಸಲಾಗದು. ಕಣ್ಣು ತೆರೆದು ಒಂದು ಗುರುತನ್ನು ನೋಡುತ್ತಿರಲಿ. ಮುಚ್ಚಿದರೆ ನಿದ್ದೆ ಹೋಗುತ್ತಾರೆ. ನಿದ್ದೆ ಬರಿಸುವ ಔಷಧದಲ್ಲಿರುವ ರೋಗಿಗಳು ಆರೋಗ್ಯವಂತರಿಗಿಂತ ಬೇಗ ನಿದ್ದೆ ಹೋಗುವುದರಿಂದ, ನಿದ್ದೆ-ಎಚ್ಚರದ ವ್ಯತ್ಯಾಸವೇ ಕಾಯಿಲೆಯ ವ್ಯತ್ಯಾಸವೆಂದು ದಾಖಲಾಗುತ್ತದೆ. ಕಣ್ಣಿನ ಕ್ಯಾಮೆರಾ ಇದ್ದರೆ ಹಚ್ಚಿ.

ಈ ಕಾಯಿಲೆಯಲ್ಲಿ ನೋಡಬೇಕಾದ, ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಾಲ, ಕಣ್ಣಿನ ಮೇಲ್ಭಾಗದ ಆರ್ಬಿಟೋಫ್ರಾಂಟಲ್ ಪ್ರದೇಶ, ಬಹುಮಾನದ ಅನುಭವಕ್ಕೆ ಸಂಬಂಧಿಸಿದ ವೆಂಟ್ರಲ್ ಸ್ಟ್ರೈಯಾಟಮ್ ಇವೆಲ್ಲ ಸೈನಸ್‌ನ ಗಾಳಿಗೂಡುಗಳ ಹತ್ತಿರ, ಸಂಕೇತ ಕುಸಿಯುವ ಜಾಗದಲ್ಲೇ ಇವೆ. ಚಿತ್ರದ ತುಣುಕುಗಳನ್ನು ಸುಮಾರು 30 ಡಿಗ್ರಿ ವಾಲಿಸಿದರೆ, ತೆಳುವಾಗಿಸಿದರೆ, ಅಥವಾ ಒಂದೇ ಚಿತ್ರಕ್ಕೆ ಸಂಕೇತವನ್ನು ಹಲವು ಬಾರಿ ಓದುವ ಬಹು-ಎಕೋ ಬಳಸಿದರೆ ನಷ್ಟ ತಗ್ಗುತ್ತದೆ. ಹದಿಹರೆಯದವರಲ್ಲಿ ಇನ್ನೊಂದು ವಿಷಯ ಹಲ್ಲಿನ ಕ್ಲಿಪ್. ಲೋಹದ ಕ್ಲಿಪ್ ಇದ್ದರೆ ಮುಖದ ಹತ್ತಿರದ ಮುಂಭಾಗವೆಲ್ಲ ಕಪ್ಪು ಗುಳಿಯಾಗುತ್ತದೆ. ಫೋನಿನಲ್ಲಿ ಕರೆಯುವಾಗಲೇ ಕೇಳಿಬಿಡಿ; ಅಷ್ಟು ದೂರ ಬಂದ ಮೇಲೆ ವಾಪಸು ಕಳಿಸುವುದು ಆ ಮಗುವಿನ ಮನಸ್ಸಿಗೆ ಒಳ್ಳೆಯದಲ್ಲ.

ತಲೆಯ ಅಲುಗಾಟ

ಇಲ್ಲಿ ಆತುರ ಪಡಬೇಡಿ. 2012ರಲ್ಲಿ ಬಂದ ಹಲವು ಸ್ವತಂತ್ರ ವರದಿಗಳು ತೋರಿಸಿದ್ದು ಇದು: ಒಂದು ಮಿಲಿಮೀಟರಿನ ಸಣ್ಣ ಪಾಲಿನಷ್ಟು ತಲೆ ಅಲುಗಿದರೂ ಹತ್ತಿರದ ಪ್ರದೇಶಗಳ ಸಂಪರ್ಕ ಹೆಚ್ಚಾದಂತೆ, ದೂರದವುಗಳ ಸಂಪರ್ಕ ಕಡಿಮೆಯಾದಂತೆ ಕಾಣುತ್ತದೆ. ಮಕ್ಕಳು ದೊಡ್ಡವರಾದಂತೆ ದೂರದ ಸಂಪರ್ಕ ಬಲಗೊಳ್ಳುತ್ತದೆ ಎಂಬ ಅದಕ್ಕೂ ಮುಂಚಿನ ತೀರ್ಮಾನದ ಒಂದು ಪಾಲು, ಚಿಕ್ಕವರು ಹೆಚ್ಚು ಅಲುಗಾಡುತ್ತಾರೆ ಎಂಬುದಷ್ಟೇ ಆಗಿತ್ತು. ಬೈಪೋಲಾರ್ ಇರುವ ಎಳೆಯರು, ಅದರಲ್ಲೂ ಗಮನದ ಕೊರತೆಯೂ ಇರುವವರು, ಆರೋಗ್ಯವಂತರಿಗಿಂತ ಹೆಚ್ಚು ಅಲುಗುತ್ತಾರೆ. ಅಲುಗಾಟದ ಸ್ವಭಾವಕ್ಕೇ ಆನುವಂಶಿಕ ಪಾಲಿದೆ ಎಂಬುದನ್ನೂ ಸೇರಿಸಿದರೆ, ಪಿಆರ್‌ಎಸ್‌ನಿಂದ ಅಲುಗಾಟಕ್ಕೆ, ಅಲುಗಾಟದಿಂದ 'ಸಂಪರ್ಕ'ಕ್ಕೆ ಸುಳ್ಳು ಸರಪಣಿಯೊಂದು ತಯಾರಾಗಿ ನಿಂತಿರುತ್ತದೆ.

ಅಳೆಯುವುದು ಫ್ರೇಮ್‌ವೈಸ್ ಡಿಸ್‌ಪ್ಲೇಸ್‌ಮೆಂಟ್‌ನಿಂದ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ತಲೆ ಮೂರು ದಿಕ್ಕಿನಲ್ಲಿ 0.05, 0.10, 0.08 ಮಿ.ಮೀ. ಸರಿದಿದೆ, ಮೂರು ಅಕ್ಷದಲ್ಲಿ 0.001, 0.002, 0.0005 ರೇಡಿಯನ್ ತಿರುಗಿದೆ ಎನ್ನಿ. ತಿರುಗಾಟವನ್ನು 50 ಮಿ.ಮೀ. ತ್ರಿಜ್ಯದ ಗೋಳದ ಮೇಲಿನ ದೂರವಾಗಿ ಬದಲಿಸಿದರೆ 0.05, 0.10, 0.025. ಎಲ್ಲವನ್ನೂ ಕೂಡಿಸಿದರೆ 0.405 ಮಿ.ಮೀ. ಬರಿಗಣ್ಣಿಗೆ ಇದು ಕಾಣುವುದೇ ಇಲ್ಲ, ಮಗು ಕಲ್ಲಿನಂತೆ ಮಲಗಿತ್ತು ಎಂದೇ ತಂತ್ರಜ್ಞರು ಬರೆದಿರುತ್ತಾರೆ. ಆದರೆ ಕಠಿಣ ಗೆರೆಯಾದ 0.2ರ ಎರಡು ಪಟ್ಟು ಇದು. ಗೆರೆ ದಾಟಿದ ಚಿತ್ರಗಳನ್ನು ತೆಗೆದು, ಕನಿಷ್ಠ ಐದು ನಿಮಿಷದ ಒಳ್ಳೆಯ ದತ್ತಾಂಶ ಉಳಿದವರನ್ನು ಮಾತ್ರ ಇಟ್ಟುಕೊಳ್ಳಿ, 0.8 ಸೆಕೆಂಡಿನ ಸ್ಕ್ಯಾನ್‌ನಲ್ಲಿ ಅದು 375 ಚಿತ್ರ. ವೇಗದ ಸ್ಕ್ಯಾನ್‌ನಲ್ಲಿ ಉಸಿರಾಟವೇ ಅಲುಗಾಟದ ಹಾಗೆ ದಾಖಲಾಗುತ್ತದೆ. ನಿಮಿಷಕ್ಕೆ 12ರಿಂದ 20 ಉಸಿರು, ಅಂದರೆ 0.2ರಿಂದ 0.33 ಹರ್ಟ್ಸ್ ಪಟ್ಟಿಯನ್ನು ಅಲುಗಾಟದ ಅಂದಾಜಿನಿಂದ ಸೋಸಿ ತೆಗೆದ ಮೇಲೆ ಗೆರೆ ಹಾಕಿ. ಇಲ್ಲದಿದ್ದರೆ ಚೆನ್ನಾಗಿ ಮಲಗಿದ್ದವರನ್ನೂ ಕಳೆದುಕೊಳ್ಳುತ್ತೀರಿ.

ತಡೆಯುವುದು ಸೋಸುವುದಕ್ಕಿಂತ ಮೇಲು. ನಕಲಿ ಸ್ಕ್ಯಾನರ್‌ನಲ್ಲಿ ಹದಿನೈದು ನಿಮಿಷ ಅಭ್ಯಾಸ ಮಾಡಿಸಿ, ಸದ್ದನ್ನೂ ಕೇಳಿಸಿ. ತಲೆಯ ಎರಡೂ ಬದಿಗೆ ಸ್ಪಂಜು ಒತ್ತಿ. ಹಣೆಯ ಮೇಲೆ ಅಡ್ಡಲಾಗಿ ಒಂದು ತೆಳು ಟೇಪ್ ಹಾಕಿದರೆ ಚರ್ಮ ಎಳೆದಾಗ ಅವರಿಗೇ ಗೊತ್ತಾಗುತ್ತದೆ. ಮೂತ್ರಕ್ಕೆ ಹೋಗಿ ಬಂದರೇ ಎಂದು ಕೇಳುವುದನ್ನು ಪಟ್ಟಿಯಲ್ಲಿ ಬರೆದಿಡಿ.

ಸಂಪರ್ಕವನ್ನು ಲೆಕ್ಕ ಹಾಕುವುದು

ಸ್ಕ್ಯಾನ್‌ಗಳನ್ನು ವಿಶ್ಲೇಷಣೆಗೆ ಸಿದ್ಧಪಡಿಸುವ ಎಫ್‌ಎಂಆರ್‌ಐಪ್ರೆಪ್ ತಂತ್ರಾಂಶದಲ್ಲಿ ಹಾಕಿ, ಪ್ರತಿಯೊಬ್ಬರ ವರದಿ ಪುಟವನ್ನೂ ತೆರೆದು ನೋಡಿ. ಆಮೇಲೆ 24 ಅಲುಗಾಟದ ಅಳತೆಗಳು, ಬಿಳಿದ್ರವ್ಯ ಮತ್ತು ಮಿದುಳುದ್ರವದಿಂದ ಬಂದ ಐದೈದು ಘಟಕಗಳನ್ನು ಕಳೆಯಿರಿ, 0.01ರಿಂದ 0.1 ಹರ್ಟ್ಸ್ ಪಟ್ಟಿಯನ್ನು ಉಳಿಸಿಕೊಳ್ಳಿ. ಕಳೆಯುವುದನ್ನೂ ಸೋಸುವುದನ್ನೂ ಒಂದೇ ಮಾದರಿಯಲ್ಲಿ ಮಾಡಿ. ಮೊದಲು ಸಂಕೇತವನ್ನು ಸೋಸಿ, ಆಮೇಲೆ ಸೋಸದ ಅಲುಗಾಟವನ್ನು ಕಳೆದರೆ, ತೆಗೆದ ಗದ್ದಲ ಮತ್ತೆ ಒಳಗೆ ಬರುತ್ತದೆ. ಇಡೀ ಮಿದುಳಿನ ಸರಾಸರಿ ಸಂಕೇತವನ್ನು ಕಳೆಯಬೇಕೇ ಎಂಬ ಜಗಳ ಇನ್ನೂ ಮುಗಿದಿಲ್ಲ: ಕಳೆದರೆ ಉಸಿರಾಟದ ಗದ್ದಲ ಚೆನ್ನಾಗಿ ಹೋಗುತ್ತದೆ, ಆದರೆ ಋಣ ಸಂಬಂಧಗಳು ಹುಟ್ಟಿಕೊಳ್ಳುತ್ತವೆ. ಎರಡೂ ರೀತಿ ಮಾಡಿ, ಎರಡನ್ನೂ ವರದಿ ಮಾಡಿ.

ಪ್ರತಿ ಜೋಡಿಯ ಪರಸ್ಪರ ಸಂಬಂಧವನ್ನು, ಹಂಚಿಕೆ ಸಮವಾಗುವಂತೆ, ಫಿಶರ್ ಜೆಡ್ ಎಂಬ ರೂಪಕ್ಕೆ ಬದಲಿಸಿ. ಸಣ್ಣ ಮಾದರಿಗೆ ಅಮಿಗ್ಡಾಲದಿಂದ ವೆಂಟ್ರೋಲ್ಯಾಟರಲ್ ಪ್ರಿಫ್ರಾಂಟಲ್‌ಗೆ, ವೆಂಟ್ರಲ್ ಸ್ಟ್ರೈಯಾಟಮ್‌ನಿಂದ ಆಂಟೀರಿಯರ್ ಸಿಂಗ್ಯುಲೇಟ್‌ಗೆ ಇರುವಂಥ ಕೆಲವೇ ಸಂಪರ್ಕಗಳು ಸಾಕು. ದೊಡ್ಡ ಮಾದರಿಗೆ, ಮಿದುಳನ್ನು ವಿಂಗಡಿಸುವ ಷೇಫರ್ ನಕ್ಷೆಯ ತುಂಡುಗಳನ್ನು ಯಿಯೋರ ಏಳು ಜಾಲಗಳಾಗಿ ಕೂಡಿಸಿದರೆ ಜಾಲದೊಳಗಿನ 7, ಜಾಲಗಳ ನಡುವಿನ 21, ಒಟ್ಟು 28 ಪರೀಕ್ಷೆಗಳಷ್ಟೇ. ಸಂಪರ್ಕಗಳ ಗೊಂಚಲನ್ನು ಹುಡುಕುವ ನೆಟ್‌ವರ್ಕ್-ಬೇಸ್ಡ್ ಸ್ಟ್ಯಾಟಿಸ್ಟಿಕ್ ಬಳಸಿದರೆ, ಅದು ಒಂದು ಗೊಂಚಲಿನ ಬಗ್ಗೆ ಮಾತ್ರ ಹೇಳುತ್ತದೆ, ಒಳಗಿನ ಒಂದೊಂದು ಎಳೆಯ ಬಗ್ಗೆ ಅಲ್ಲ.

ಎರಡನ್ನೂ ಜೋಡಿಸುವುದು

ಮಾದರಿಯ ಎಡಕ್ಕೆ ಸಂಪರ್ಕ. ಬಲಕ್ಕೆ ಪಿಆರ್‌ಎಸ್, ಗುಂಪು, ಇವೆರಡರ ಗುಣಲಬ್ಧ, ವಯಸ್ಸು, ವಯಸ್ಸಿನ ವರ್ಗ (ವಯಸ್ಸು×ವಯಸ್ಸು), ಲಿಂಗ, ಸರಾಸರಿ ಅಲುಗಾಟ, ಪೂರ್ವಜ ಮೂಲದ ಘಟಕಗಳು, ಸ್ಕ್ಯಾನರ್, ಚಿಪ್‌ನ ಕಂತು. ಪಿಆರ್‌ಎಸ್‌ನ ಪ್ರಭಾವ ರೋಗಿಗಳಲ್ಲಿ ಒಂದು, ಆರೋಗ್ಯವಂತರಲ್ಲಿ ಇನ್ನೊಂದು ಎಂದು ಹೇಳಲು ಬಯಸುವವರು ಹೆಚ್ಚಾಗಿ ತಪ್ಪುವುದು ಗುಣಲಬ್ಧದಲ್ಲಿ. ವಯಸ್ಸನ್ನೂ ಅಲುಗಾಟವನ್ನೂ ಸುಮ್ಮನೆ ಸೇರಿಸಿದರೆ ಸಾಲದು. ವಯಸ್ಸು×ಪಿಆರ್‌ಎಸ್, ವಯಸ್ಸು×ಗುಂಪು, ಅಲುಗಾಟ×ಪಿಆರ್‌ಎಸ್, ಅಲುಗಾಟ×ಗುಂಪು ಇವೂ ಬೇಕು. ಇಲ್ಲದಿದ್ದರೆ ಅಲುಗಾಟದ ಗುಣಲಬ್ಧವೇ ಕಾಯಿಲೆಯ ಗುಣಲಬ್ಧದ ವೇಷ ಹಾಕಿಕೊಂಡು ಬರುತ್ತದೆ. ಅಷ್ಟೆಲ್ಲ ಸೇರಿಸಲು ಜನ ಸಾಲದಿದ್ದರೆ, ಆ ಗುಣಲಬ್ಧದ ಪ್ರಶ್ನೆಗೂ ಜನ ಸಾಲದು ಎಂದೇ ಅರ್ಥ.

ಫಲಿತಾಂಶ ಬಂದ ಮೇಲೆ ಅದನ್ನು ಮುರಿಯಲು ಪ್ರಯತ್ನಿಸಿ. ಸಂಪರ್ಕದ ಬದಲು ಸರಾಸರಿ ಅಲುಗಾಟವನ್ನೇ ಎಡಕ್ಕಿಟ್ಟು ಪಿಆರ್‌ಎಸ್ ಅದನ್ನು ಊಹಿಸುತ್ತದೆಯೇ ನೋಡಿ. ಅಲುಗಾಟದ ಗೆರೆಯನ್ನು 0.5ರಿಂದ 0.2ಕ್ಕೆ ಇಳಿಸಿದಾಗ ಸಂಬಂಧ ಕುಗ್ಗುತ್ತಾ ಹೋದರೆ ಅದು ಅಲುಗಾಟದ್ದು. ಬೈಪೋಲಾರ್ ಬದಲು ದೇಹದ ಎತ್ತರಕ್ಕೆ ಕಟ್ಟಿದ ಪಿಆರ್‌ಎಸ್ ಹಾಕಿ. ಅದೂ ಅಷ್ಟೇ ಬಲವಾಗಿ ಹೊಂದಿದರೆ ಪೂರ್ವಜ ಮೂಲ ಸೋರುತ್ತಿದೆ. ಲಿಥಿಯಂ ತೆಗೆದುಕೊಳ್ಳುವವರನ್ನು ಬಿಟ್ಟು ಮತ್ತೆ ಓಡಿಸಿ. ಔಷಧವಿಲ್ಲದ ಒಡಹುಟ್ಟಿದವರಲ್ಲಿ ದಿಕ್ಕಾದರೂ ಅದೇ ಇದೆಯೇ ನೋಡಿ. ಸಿಕ್ಕಿದ್ದು ಇಷ್ಟೆಲ್ಲ ತಡೆದು ನಿಂತರೆ, ಆಗ ಬರೆಯಬಹುದು.

ಬರೆಯುವಾಗ 'ಕಾರಣ' ಎಂಬ ಪದ ಎಚ್ಚರಿಕೆಯಿಂದ ಬಳಸಿ. ಪಿಆರ್‌ಎಸ್ ಗರ್ಭದಲ್ಲೇ ನಿಗದಿಯಾಗುತ್ತದೆ, ಹಾಗಾಗಿ ಮಿದುಳು ಅದನ್ನು ಬದಲಿಸಲಾರದು, ಇದು ನಿಜ. ಆದರೆ ಹೆಚ್ಚು ಅಂಕದ ಮಗುವಿನ ತಂದೆಯೋ ತಾಯಿಯೋ ಕಾಯಿಲೆಯಲ್ಲಿರುವ ಸಾಧ್ಯತೆಯೂ ಹೆಚ್ಚು. ಆ ಮನೆಯ ನಿದ್ದೆ, ಒತ್ತಡ, ದಿನಚರಿ ಕೂಡ ಮಿದುಳನ್ನು ತಲುಪುತ್ತವೆ. ಡಿಎನ್‌ಎ ಒಂದೇ ಮಾತನಾಡುತ್ತಿದೆ ಎನ್ನಲಾಗದು.

ಕುಟುಂಬ ಕೇಳಿದಾಗ

ಭಾಗವಹಿಸಿದವರ ತಾಯಿಯೋ ತಂದೆಯೋ ಒಂದಲ್ಲ ಒಂದು ದಿನ ಕೇಳುತ್ತಾರೆ: 'ನಮ್ಮ ಮಗಳ ಅಂಕ ಎಷ್ಟು ಬಂತು?' ವೈಯಕ್ತಿಕ ಅಂಕ ಕೊಡುವುದಿಲ್ಲ ಎಂದು ಸಮ್ಮತಿ ಪತ್ರದಲ್ಲೇ ಬರೆದಿರಿ, ಕಾರಣವನ್ನೂ ಹೇಳಿ. 2021ರ ಅಂಕದಲ್ಲಿ ಮೇಲಿನ ಹತ್ತನೇ ಒಂದು ಭಾಗದವರಿಗೆ, ನಡುವಿನ ಹತ್ತನೇ ಭಾಗದವರಿಗೆ ಹೋಲಿಸಿದರೆ ಅಪಾಯ ಸುಮಾರು ಮೂರೂವರೆ ಪಟ್ಟು. ಕೇಳಲು ದೊಡ್ಡದು. ಆದರೆ ನಡುವಿನವರಲ್ಲಿ ನೂರಕ್ಕೆ ಒಬ್ಬರಿಗೆ ಕಾಯಿಲೆ ಬರುವುದಾದರೆ, ಮೇಲಿನವರಲ್ಲಿ ನೂರಕ್ಕೆ ಮೂರು ನಾಲ್ಕು. ಉಳಿದ ತೊಂಬತ್ತಾರಕ್ಕೂ ಹೆಚ್ಚು ಮಂದಿಗೆ ಬರುವುದಿಲ್ಲ. ತಂದೆ ಅಥವಾ ತಾಯಿಗೆ ಕಾಯಿಲೆ ಇದೆ ಎಂಬ ಒಂದು ಸರಳ ಸಂಗತಿ ಸದ್ಯ ಯಾವ ಪಿಆರ್‌ಎಸ್‌ಗಿಂತಲೂ ಹೆಚ್ಚು ಹೇಳುತ್ತದೆ. ಅಂಥ ಮಕ್ಕಳಲ್ಲೂ ಹತ್ತರಲ್ಲಿ ಒಂಬತ್ತು ಮಂದಿಗೆ ಬೈಪೋಲಾರ್ ಬರುವುದಿಲ್ಲ. ಸಂಪರ್ಕದ ಚಿತ್ರವೂ ಹಾಗೆಯೇ: ಗುಂಪುಗಳ ಸರಾಸರಿ ಬೇರೆಯಾದರೂ ಒಬ್ಬೊಬ್ಬರ ಹಂಚಿಕೆಗಳು ಬಹುಪಾಲು ಒಂದರ ಮೇಲೊಂದು ಕೂತಿರುತ್ತವೆ. ಒಂದು ಸ್ಕ್ಯಾನ್ ನೋಡಿ ಬೈಪೋಲಾರ್ ಇದೆ, ಇಲ್ಲ ಎನ್ನಲು ಆಗುವುದಿಲ್ಲ.

ಗಡ್ಡೆಯಂಥದ್ದು ಆಕಸ್ಮಿಕವಾಗಿ ಕಂಡರೆ ಮಾತು ಬೇರೆ. ಪ್ರತಿ ಸ್ಕ್ಯಾನ್‌ನ ರಚನಾ ಚಿತ್ರವನ್ನು ರೇಡಿಯಾಲಜಿಸ್ಟ್ ಒಬ್ಬರು ನೋಡಲಿ, ಕಂಡದ್ದನ್ನು ಕುಟುಂಬಕ್ಕೆ ಯಾರು, ಎಷ್ಟು ದಿನದೊಳಗೆ ತಿಳಿಸಬೇಕು ಎಂಬುದು ಮೊದಲೇ ಬರವಣಿಗೆಯಲ್ಲಿರಲಿ.